ಬುರೈಮಿಯ ಮದುಮಗ

ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಮಧ್ಯಾಹ್ನ ನನ್ನ ಬೀಗಿತ್ತಿ ಕುಸುಮಕ್ಕ, ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸಿನ ನಮ್ಮ ಮನೆಯ ಒಳಕೋಣೆಯಲ್ಲಿ ಎರಡು ಬಾಳೆಲೆ ಹಾಕಿದರು. ಒಂದು ಅವರ ಮಗಳಿಗೆ, ಇನ್ನೊಂದು ಅಳಿಯನಿಗೆ. ಇಬ್ಬರೂ ತೀರಿಕೊಂಡವರು. ಎಲೆಗಳನ್ನು ಖುರುಮ್‌ನ ಅಂಗಡಿಯಿಂದ ತಂದವನು ನಾನು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಣ್ಣಗೆ ಇಟ್ಟಿದ್ದ ಅವು ಮಡಿಕೆಯ ಗುಂಟ ಕಪ್ಪಾಗಿದ್ದವು. ಕುಸುಮಕ್ಕ ಅದನ್ನು ನೋಡಿ, ಕಪ್ಪಾದಲ್ಲಿ ಅನ್ನ ಬಡಿಸಿ ಮುಚ್ಚಿದರು. ಕೋಳಿ ಸಾರು, ಹುರಿದ ಬಂಗುಡೆ, ಪತ್ರೊಡೆ. ಶೇಂದಿ ಇಡಬೇಕಾದಲ್ಲಿ ಎಳನೀರು. ಮದುಮಕ್ಕಳ ಚಿತ್ರ ತೆರೆದಿಟ್ಟ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಬಂದರು.

ತುಳುನಾಡಿನಲ್ಲಿ ಮದುವೆಯಾಗದೆ ಸತ್ತ ಮಕ್ಕಳು ಸತ್ತಲ್ಲೇ ನಿಲ್ಲುವುದಿಲ್ಲ. ಕುಲೆಗಳಾಗಿ, ಪ್ರೇತಗಳಾಗಿ, ನಮ್ಮ ಜೊತೆಗೇ ಬೆಳೆಯುತ್ತಾರೆ. ಪ್ರಾಯ ತುಂಬಿದಾಗ ಅವರಿಗೂ ಒಂದು ಜೊತೆ ಬೇಕು. ಸಿಗದಿದ್ದರೆ ಬದುಕಿರುವವರ ಹೊಸ್ತಿಲಲ್ಲಿ ಬಂದು ನಿಲ್ಲುತ್ತಾರೆ. ಆಗ ಹಿರಿಯರು ಇನ್ನೊಂದು ಮನೆಯಲ್ಲಿ ಹಾಗೆಯೇ ಸತ್ತವನೊಬ್ಬನನ್ನು ಹುಡುಕಿ, ನಿಶ್ಚಿತಾರ್ಥ ಮಾಡಿ, ಎರಡು ಕುರ್ಚಿಗಳ ಮೇಲೆ ಇಬ್ಬರ ಬಟ್ಟೆ ಇಟ್ಟು, ಧಾರೆ ಎರೆದು ಕೊಡುತ್ತಾರೆ. ಕುಸುಮಕ್ಕನ ಚೊಚ್ಚಲ ಹೆಣ್ಣುಮಗು ಹೆಸರಿಡುವ ಮೊದಲೇ ಹೋಗಿತ್ತು. ಅದರ ಬೆನ್ನಿಗೆ ಹುಟ್ಟಿದವನು ಶ್ರವಣ್, ನನ್ನ ಅಳಿಯ. ನನ್ನ ಮಗಳು ಪ್ರಣೀತಾಳ ಗರ್ಭ ಎರಡು ಸಲ ನಿಲ್ಲದೆ ಹೋದಾಗ ಊರಿನಲ್ಲಿ ಜೋಯಿಸರ ಬಳಿ ಪ್ರಶ್ನೆ ಇಟ್ಟರು. ತಮ್ಮನಿಗೆ ಮನೆಯಾಯಿತು, ತನಗೇಕಿಲ್ಲ ಎಂದು ಅಕ್ಕ ಕೇಳುತ್ತಿದ್ದಾಳೆ ಎಂದು ಬಂತು. ಎರಡು ವರ್ಷದ ಹಿಂದೆ ಅವಳ ಮದುವೆಯಾಯಿತು. ಈಗ ಪ್ರಣೀತಾಳಿಗೆ ಐದು ತಿಂಗಳು. ಆರೈಕೆಗೆಂದು ಕುಸುಮಕ್ಕ ಮಸ್ಕತ್ತಿಗೆ ಬಂದಿದ್ದರು.

ಹೆಂಡತಿ ತೀರಿಕೊಂಡ ಮೇಲೆ ನಾನು ಮಗಳ ಮನೆಯಲ್ಲೇ ಇದ್ದೇನೆ. ಇಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ನವ್ಯರ ಕವಿತೆ ಓದಿ ಬೆಳೆದವನಿಗೆ ದೇವರು, ದೆವ್ವ ಎರಡೂ ಪ್ರತಿಮೆಗಳಾಗಿಯೇ ಒಗ್ಗಿಹೋಗಿರುತ್ತವೆ. ಹಾಗಾಗಿ ಕುಸುಮಕ್ಕನ ಎರಡು ಎಲೆಗಳನ್ನು ನಾನು ಗೌರವದಿಂದಲೇ ನೋಡಿದೆ, ಒಳ್ಳೆಯ ಪದ್ಯವೊಂದರ ಎರಡು ಸಾಲುಗಳನ್ನು ನೋಡುವ ಹಾಗೆ.

ಸಂಜೆಯ ಹೊತ್ತು ಬಾಲ್ಕನಿಯ ಗಾಜಿನ ಈಚೆ ಕುಳಿತು ನಾನು ಅವರಿಗೆ ಗ್ರೀಕರ ಕತೆ ಹೇಳುತ್ತಿದ್ದೆ. ವಿದ್ಯಾರ್ಥಿಗಳು ಅಂಕಗಳಿಗಾಗಿ ಕೇಳಿಸಿಕೊಂಡು ಮರೆತ ಕತೆಗಳನ್ನು ಈ ಹೆಂಗಸು ಪಕ್ಕದ ಊರಿನ ಸಮಾಚಾರದಂತೆ ಕೇಳುತ್ತಿದ್ದರು. ಅಧೋಲೋಕದ ಅರಸ ಹೇಡಿಸ್ ನೆಲ ಸೀಳಿ ಬಂದು, ಹೂ ಕೊಯ್ಯುತ್ತಿದ್ದ ಪರ್ಸಿಫೊನಿಯನ್ನು ಒಯ್ದದ್ದು. ಅವಳ ತಾಯಿ ಡಿಮೀಟರ್ ದೀವಟಿಗೆ ಹಿಡಿದು ಲೋಕವೆಲ್ಲ ಅಲೆದದ್ದು. ಆ ತಾಯಿಯ ದುಃಖಕ್ಕೆ ಭೂಮಿಯಲ್ಲಿ ಒಂದು ಕಾಳೂ ಮೊಳೆಯದೆ ಹೋದದ್ದು.

“ಕತ್ತಲೆಯವನಾದ್ರೆ ಎಂತ, ಮನೆ ಉಂಟಲ್ಲ. ಅರಸು ಬೇರೆ. ಆ ತಾಯಿಗೆ ಅಷ್ಟು ಗೊತ್ತಾಗ್ಲಿಲ್ವಾ ಸೇಸಪ್ಪಣ್ಣ?” ಎಂದು ಕೇಳಿದರು ಕುಸುಮಕ್ಕ.

ಕೇಳದೆ ಕೊಂಡುಹೋದದ್ದಲ್ಲವೇ ಎಂದೆ. ಅದು ತಪ್ಪು ಎಂದು ಒಪ್ಪಿದರು. ಎರಡು ಮನೆಯವರು ಕೂತು ಮಾತಾಡಬೇಕಿತ್ತು ಎಂದರು.

ಇನ್ನೊಂದು ಸಂಜೆ ಎರಿನೀಸ್ ಎಂಬ ಸೇಡಿನ ದೇವತೆಗಳ ಸುದ್ದಿ ಬಂತು. ಮೂವರು ಹೆಂಗಸರು, ಜಡೆಯಲ್ಲಿ ಹಾವು, ಕಣ್ಣಿನಿಂದ ಸುರಿಯುವ ರಕ್ತ. ಹೆತ್ತವರ ಶಾಪ ಕೇಳಿದೊಡನೆ ಪಾತಾಳದಿಂದ ಎದ್ದು, ತಾಯಿಗೆ ಅನ್ಯಾಯ ಮಾಡಿದವನ ಬೆನ್ನು ಹತ್ತಿ, ಕುಳಿತಲ್ಲಿ ಕುಳ್ಳಗೊಡದೆ ಮಲಗಿದಲ್ಲಿ ಮಲಗಗೊಡದೆ ಅಟ್ಟುತ್ತಾರೆ. ಕುಸುಮಕ್ಕ ಬಸಳೆಯ ದಂಟು ಮುರಿಯುತ್ತಾ ಕೇಳಿಸಿಕೊಂಡರು. “ತಾಯಿಯ ಕಡೆಯವರು ಅಂತಾಯ್ತು. ಹಾಗಾದ್ರೆ ಒಳ್ಳೆಯವರೇ” ಎಂದರು. ಗ್ರೀಕರೂ ಅವರ ಹೆಸರೆತ್ತಲು ಹೆದರಿ ‘ದಯಾಮಯಿಯರು’ ಎಂದೇ ಕರೆಯುತ್ತಿದ್ದರೆಂದು ನಾನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ತಮ್ಮ ಮಗಳನ್ನು ಅವರು ಕುಲೆ ಎಂದದ್ದನ್ನು ನಾನು ಕೇಳಿಯೇ ಇಲ್ಲ. ‘ಮಗು’ ಎನ್ನುತ್ತಿದ್ದರು.

ಅಮಾವಾಸ್ಯೆಯ ದಿನ ಒಳಕೋಣೆಯ ಬಾಗಿಲು ತೆರೆದು ಕುಸುಮಕ್ಕ ಎಲೆ ತೆಗೆಯುವ ಹೊತ್ತಿಗೆ ಉಸ್ಮಾನ್ ಬಂದ. ಉಪ್ಪಿನಂಗಡಿ ಕಡೆಯ ಬ್ಯಾರಿ, ಬೆಟ್ಟಗಳಾಚೆಯ ಗಡಿ ಊರು ಬುರೈಮಿಯಲ್ಲಿ ದಿನಸಿ ಅಂಗಡಿ ಇಟ್ಟವನು. ಸಾಮಾನಿಗೆಂದು ಮಸ್ಕತ್ತಿಗೆ ಬಂದಾಗ ನಮ್ಮಲ್ಲಿ ಚಹಾ ಕುಡಿಯದೆ ಹೋಗುವವನಲ್ಲ. ಸಾರು ಚೊಂಬಿನ ಕಡೆಗೆ ಹರಿಯುತ್ತಿದ್ದುದನ್ನು ಕಂಡು ಅವನೇ ಬಗ್ಗಿ ಮೊಬೈಲ್ ಎತ್ತಿದ. ಚಿತ್ರದಲ್ಲಿ ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಧಾರೆ ಸೀರೆ. ಇನ್ನೊಂದರ ಮೇಲೆ ಪಂಚೆ, ಅಂಗಿ, ಅದರ ಮೇಲೆ ಮಾಲೆ ಹಾಕಿದ ಒಬ್ಬ ಯುವಕನ ಫೋಟೋ.

“ಇದು ನಮ್ಮ ಲತೇಶ ಅಲ್ವಾ ಮಾಷ್ಟ್ರೇ? ಇವನಿಗೆಂತಕ್ಕೆ ಮಾಲೆ?”

ಅವನು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ.

“ಅವನೇ. ಎದುರಿನ ಹಲ್ಲಿನ ಎಡೆ ನೋಡಿ. ನಮ್ಮ ಸನಾಯ್ಯದಲ್ಲಿ, ಗ್ಯಾರೇಜುಗಳ ಸಾಲು ಉಂಟಲ್ಲ, ಅಲ್ಲಿ ಟಯರ್ ಅಂಗಡಿಯಲ್ಲಿದ್ದಾನೆ. ಮೊನ್ನೆ ನನ್ನ ಗಾಡಿಗೆ ಟಯರ್ ಹಾಕಿ ಕೊಟ್ಟ.”

ಕುಸುಮಕ್ಕನ ಕೈಯಲ್ಲಿದ್ದ ಎಲೆ ವಾಲಿ ಸಾರು ಸೀರೆಯ ಮೇಲೆ ಇಳಿಯಿತು. “ಬದುಕಿದ್ದಾನಾ?” ಎಂದು ಕೇಳಿದರು.

“ಬದುಕದೆ? ದಿನಕ್ಕೆ ಎರಡು ಪ್ಯಾಕೆಟ್ ಸಿಗ್ರೇಟ್ ಬೇಕು ಅವನಿಗೆ” ಎಂದು ಉಸ್ಮಾನ್ ನಕ್ಕ. ಆಮೇಲೆ ನಮ್ಮ ಮುಖಗಳನ್ನು ನೋಡಿ ನಗುವನ್ನು ಅರ್ಧದಲ್ಲೇ ಬಿಟ್ಟ.

ಪ್ರತಿಮೆ ಯಾರ ಗಾಡಿಗೂ ಟಯರ್ ಹಾಕುವುದಿಲ್ಲ. ನನ್ನ ಓದು ನನ್ನನ್ನು ಇಂಥದ್ದಕ್ಕೆ ಸಿದ್ಧಗೊಳಿಸಿರಲಿಲ್ಲ.

ಲತೇಶ ಸತ್ತನೆಂದು ಊರಿನಲ್ಲಿ ನಂಬಿದ್ದಕ್ಕೆ ಕಾರಣವಿತ್ತು. ಇಲ್ಲಿನ ಕರಾವಳಿಯ ಕಡೆ ಯಾವುದೋ ಕಟ್ಟಡದ ಕೆಲಸಕ್ಕೆ ಗಾಡಿ ಓಡಿಸುತ್ತಿದ್ದ ಅವನು ಇಬ್ಬರು ಜೊತೆಗಾರರೊಡನೆ ಒಂದು ವಾದಿ ದಾಟುವಾಗ, ವರ್ಷವಿಡೀ ಒಣಗಿ ಬಿದ್ದಿರುವ ಆ ಹಳ್ಳ ಒಂದು ಮಳೆಗೆ ತುಂಬಿ ಬಂದು ಗಾಡಿಯನ್ನೇ ಎಳೆದೊಯ್ದಿತು. ಇಬ್ಬರ ದೇಹ ಸಿಕ್ಕಿತು, ಇವನದು ಸಿಗಲಿಲ್ಲ. ವರ್ಷಗಳು ಕಳೆದವು. ಅವನ ಮನೆಯವರು ಇಟ್ಟ ಪ್ರಶ್ನೆಯಲ್ಲಿ, ಹುಡುಗ ನೀರಿನಲ್ಲಿದ್ದಾನೆ, ಒಬ್ಬನೇ ಇದ್ದಾನೆ ಎಂದು ಬಂತು. ವಿಟ್ಲದ ಹತ್ತಿರದ ಆ ಮನೆಯಿಂದ ಅವನ ತಾಯಿಯೇ ಹೆಣ್ಣು ಕೇಳಿಕೊಂಡು ಬಂದಳಂತೆ. ಇಬ್ಬರು ತಾಯಂದಿರು ಕೂತು ಸೀರೆಯ ಬಣ್ಣ ಆರಿಸಿದ್ದರು. ಮದುವೆಯಾಗಿ ಅರ್ಧ ವರ್ಷಕ್ಕೆ ಆ ತಾಯಿ, ಮಗನಿಗೆ ಜೊತೆಯಾಯಿತೆಂಬ ನೆಮ್ಮದಿಯಲ್ಲೇ ಕಣ್ಣು ಮುಚ್ಚಿದಳು.

ಸಂಜೆ ಶ್ರವಣ್ ಆಫೀಸಿನಿಂದ ಬಂದು ಎಲ್ಲವನ್ನೂ ಕೇಳಿ, ಒಂದು ಲೋಟ ನೀರು ಕುಡಿದು, ಊರಿನ ಗುರಿಕಾರರಿಗೆ ಫೋನು ಮಾಡಿದ. ಇಂಥ ಮದುವೆಗಳನ್ನು ನಡೆಸಿಕೊಡುವ ಹಿರಿಯರು ಅವರು. ಈ ಮದುವೆಯಿಂದ ಬಿಡುಗಡೆ ಮಾಡಿಸುವ ದಾರಿ ಇದೆಯೇ ಎಂದು ಇವನು ಕೇಳಿದ. ಸ್ಪೀಕರಿನಲ್ಲಿ ಆ ಮುದುಕರ ದನಿ ಬಂತು.

“ಕುಲೆಯನ್ನು ಪುನಃ ಮನುಷ್ಯ ಮಾಡುವ ಕಟ್ಟುಕಟ್ಟಳೆ ನಮ್ಮಲ್ಲಿ ಇಲ್ಲ ಮಾರಾಯ. ಬೇರೆ ಕಡೆ ಕೊಡುವ ಅಂದ್ರೆ, ಒಮ್ಮೆ ಧಾರೆ ಆದ ಹುಡುಗಿಯನ್ನು ಯಾರು ತಕ್ಕೊಳ್ತಾರೆ?”

ಲತೇಶನ ಅಣ್ಣನಿಗೂ ಫೋನು ಹೋಯಿತು. ನಾವು ಪ್ರತಿ ಆಟಿಗೆ ಅವನಿಗೆ ಬಡಿಸುತ್ತಿದ್ದೇವೆ, ಅಷ್ಟು ಸಾಕು ಎಂದು ಅವನು ಕರೆ ಕಡಿದ. ಶ್ರವಣನಿಗೆ ಸಿಟ್ಟು ಬಂತು. ಇದೆಲ್ಲ ತಲೆಬುಡವಿಲ್ಲದ್ದು, ಆ ಮನುಷ್ಯ ಬದುಕಿದ್ದರೆ ಒಳ್ಳೆಯದೇ ಆಯಿತು, ಬಿಟ್ಟುಬಿಡಿ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪ್ರಣೀತಾ ಸೋಫಾದ ಮೂಲೆಯಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟು ಕುಳಿತಿದ್ದಳು. ಕುಸುಮಕ್ಕ ಆ ಕೈಯನ್ನು ನೋಡಿ ಕಣ್ಣನ್ನು ಬೇರೆ ಕಡೆ ತಿರುಗಿಸಿದರು.

ಮರುದಿನ ನನ್ನೊಬ್ಬನೊಡನೆ ಹೇಳಿದರು: “ಮಗು ಅಲ್ಲಿ ಸೀರೆ ಉಟ್ಟು ಕೂತಿದೆ ಸೇಸಪ್ಪಣ್ಣ. ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲ. ನಾವು ತಮಾಷೆ ಮಾಡಿದೆವು ಅಂತ ಅವಳು ತಿಳ್ಕೊಳ್ಳುದಿಲ್ವಾ? ತಿಳ್ಕೊಂಡ್ರೆ ಸುಮ್ಮನಿರ್ತಾಳಾ?”

ನಾನು ಏನು ಹೇಳಬೇಕಿತ್ತು? ಅಲ್ಲಿ ಯಾವ ಕುರ್ಚಿಯೂ ಇಲ್ಲ ಎನ್ನಬಹುದಿತ್ತು. ಹೇಡಿಸನಿಗೆ ಸಿಂಹಾಸನವಿದೆಯೆಂದು ಅದೇ ಜಾಗದಲ್ಲಿ ಕುಳಿತು ವಾರವಿಡೀ ವರ್ಣಿಸಿದವನು ನಾನು. ಕುಸುಮಕ್ಕ, ಬುರೈಮಿಯ ಅಳಿಯನನ್ನು ಒಮ್ಮೆ ನೋಡಬೇಕು, ಊರಿಗೆ ಬನ್ನಿ ಎಂದು ಕೇಳಬೇಕು ಎಂದರು. ಮುಂದಿನ ಶುಕ್ರವಾರ ಉಸ್ಮಾನನ ಗಾಡಿಯಲ್ಲಿ ನಾವಿಬ್ಬರೂ ಬುರೈಮಿಗೆ ಹೊರಟೆವು.

ಕುಸುಮಕ್ಕ ಬೆಳಕು ಹರಿಯುವ ಮೊದಲೇ ಎದ್ದು ಅಡಿಗೆ ಮಾಡಿದ್ದರು. ಡಬ್ಬಿಗಳ ಚೀಲ ದಾರಿಯುದ್ದಕ್ಕೂ ಅವರ ಮಡಿಲಲ್ಲೇ ಇತ್ತು. ಸೊಹಾರಿನ ತನಕ ಎಡಕ್ಕೆ ಬಯಲು, ಬಲಕ್ಕೆ ಎಲ್ಲೋ ಕಾಣದ ಕಡಲು. ಅಲ್ಲಿಂದ ರಸ್ತೆ ಒಳನಾಡಿಗೆ ತಿರುಗಿ, ಒಂದು ಹುಲ್ಲೂ ಇಲ್ಲದ, ಸುಟ್ಟ ಇಟ್ಟಿಗೆಯ ಬಣ್ಣದ ಬೆಟ್ಟಗಳ ನಡುವೆ ಹೊಕ್ಕಿತು. ಡಿಮೀಟರ್ ಮುನಿದ ಭೂಮಿ ಹೀಗೆಯೇ ಇದ್ದಿರಬೇಕೆಂದು ನನಗನಿಸಿತು. ಕುಸುಮಕ್ಕನಿಗೂ ಅದೇ ನೆನಪಾಯಿತೋ ಏನೋ, ಆ ಹುಡುಗಿ ಕಡೆಗೆ ತಾಯಿಯ ಮನೆಗೆ ಬಂದಳೇ ಎಂದು ಕೇಳಿದರು.

ಬಂದಳು, ಆದರೆ ಪೂರ್ತಿಯಾಗಿ ಅಲ್ಲ ಎಂದೆ. ಅಧೋಲೋಕದಲ್ಲಿ ಅವಳು ದಾಳಿಂಬೆಯ ಕೆಲವು ಕಾಳು ತಿಂದಿದ್ದಳು. ಅಲ್ಲಿ ಉಂಡವರು ಅಲ್ಲಿಯವರೇ ಆಗುತ್ತಾರೆ. ಹಾಗಾಗಿ ವರ್ಷದ ಒಂದು ಪಾಲು ಗಂಡನ ಬಳಿಗೆ ಇಳಿಯಲೇಬೇಕಾಯಿತು.

“ಊಟ ಆದ ಮೇಲೆ ಸಂಬಂಧ ಆಯ್ತಲ್ಲ. ಸರಿಯೇ” ಎಂದರು ಕುಸುಮಕ್ಕ. ಅವರ ಕೈ ಡಬ್ಬಿಯ ಮುಚ್ಚಳದ ಮೇಲಿತ್ತು. ಅಡಿಗೆಯಾದದ್ದು ಕತೆಗಿಂತ ಮೊದಲು. ಆದ್ದರಿಂದ ಅವರ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಳಲಾರೆ.

ಉಸ್ಮಾನನ ಅಂಗಡಿಯ ಹಿಂದೆ, ಅಕ್ಕಿ ಮೂಟೆಗಳ ನಡುವೆ, ಅವನ ಹೆಂಡತಿ ಸುಹರಾ ಚಾಪೆ ಹಾಸಿಕೊಟ್ಟು ಒಳಗೆ ಹೋದಳು. ಸಾಮಾನು ಇಳಿಸಲು ಕರೆದಿದ್ದಾರೆಂದು ಎಣಿಸಿ ಲತೇಶ ಬಂದ. ಫೋಟೋದ ಯುವಕನಿಗಿಂತ ದಪ್ಪ, ಕಿವಿಯ ಮೇಲೆ ನರೆ, ಉಗುರುಗಳಲ್ಲಿ ಕರಿ ಎಣ್ಣೆ. ನಮ್ಮನ್ನು ಕಂಡು ಬಾಗಿಲಲ್ಲೇ ನಿಂತ. ನಾನು ಹೇಳಿದೆ. ಶಾಲೆಯಲ್ಲಿ ಕಠಿಣ ಪದ್ಯವನ್ನು ಬಿಡಿಸುವಂತೆ ನಿಧಾನವಾಗಿ, ಪ್ರಶ್ನೆ ಇಟ್ಟದ್ದು, ಕುರ್ಚಿಗಳು, ಮಾಲೆ, ಎಲ್ಲವನ್ನೂ. ಅವನು ನಗಲಿಲ್ಲ. ತುಳುನಾಡಿನ ಮಗನಾದ್ದರಿಂದ ಯಾವುದನ್ನೂ ಎರಡನೆಯ ಸಲ ಹೇಳಬೇಕಾಗಲಿಲ್ಲ.

“ಅಮ್ಮ ಹೇಗಿದ್ದಾರೆ?” ಎಂದ.

ಅದನ್ನೂ ನಾನೇ ಹೇಳಬೇಕಾಯಿತು. ಅವನು ಅಕ್ಕಿಮೂಟೆಗೆ ಒರಗಿ ಕುಳಿತ. ಪ್ರವಾಹ ತನ್ನನ್ನು ಬಹು ದೂರದ ಕಲ್ಲುಗಳ ಮೇಲೆ ಎಸೆದಿತ್ತು ಎಂದು ಆಮೇಲೆ ಹೇಳಿದ. ಪಾಸ್‌ಪೋರ್ಟು ಇಟ್ಟುಕೊಂಡು ಊರಿಗೆ ಬಿಡದ ಕಫೀಲನ, ಅಂದರೆ ಕೆಲಸಕ್ಕೆ ಕರೆಸಿದ ಧಣಿಯ, ಕೈಯಿಂದ ತಪ್ಪಿಸಿಕೊಳ್ಳಲು ಸತ್ತವನಾಗಿ ಉಳಿಯುವುದೇ ದಾರಿ ಎಂದು ಕಂಡಿತಂತೆ. ಸ್ವಲ್ಪ ನೆಲೆ ನಿಂತ ಮೇಲೆ ಅಮ್ಮನಿಗೆ ಫೋನು ಮಾಡೋಣ ಎಂದುಕೊಂಡದ್ದು, ತಡವಾದಷ್ಟೂ ಕಷ್ಟವಾಗುತ್ತಾ ಹೋಯಿತು. ಸತ್ತ ಮಗನಿಗಾಗಿ ಅತ್ತು ಮುಗಿಸಿದವಳನ್ನು ಎಬ್ಬಿಸುವುದು ಹೇಗೆ ಎಂದು ಅವನು ನನ್ನನ್ನೇ ಕೇಳಿದ.

ಅವನ ಬೆನ್ನ ಹಿಂದೆ ಯಾರೂ ಇರಲಿಲ್ಲ. ಹಾವಿನ ಜಡೆಯವರು ಆ ಬೆಟ್ಟಗಳನ್ನು ದಾಟಿ ಬರಲಿಲ್ಲ. ಬಂದದ್ದು ಹತ್ತಿಯ ಸೀರೆಯುಟ್ಟ, ಮೊಣಕಾಲು ನೋವಿನ ಒಬ್ಬ ಹೆಂಗಸು, ಅವರು ಕೇಳಿದ್ದೂ ಇಷ್ಟೇ: “ಊರಿಗೆ ಬರ್ತೀಯಾ ಮಗಾ? ಬಂದು ಹಿರಿಯರ ಎದುರು ನಿಂತ್ರೆ, ಅವರು ಏನಾದ್ರೂ ದಾರಿ ಹೇಳ್ಬಹುದು.”

“ಹೇಗೆ ಬರುದು ಅಮ್ಮ? ಕಾಗದ ಒಂದೂ ಇಲ್ಲ.”

ರಾಯಭಾರ ಕಚೇರಿಗೆ ಹೋಗಿ ಕೇಳೋಣ, ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಉಸ್ಮಾನ್ ನಡುವೆ ಬಾಯಿ ಹಾಕಿದ.

“ಸತ್ತವನಿಗೆ ಊರಿಗೆ ಹೋಗ್ಲಿಕ್ಕೆ ಔಟ್‌ಪಾಸ್ ಕೊಡ್ತಾರಾ ಉಸ್ಮಾನಾಕ? ನಾನು ಅಲ್ಲಿಯೂ ಖಲಾಸ್, ಇಲ್ಲಿಯೂ ಖಲಾಸ್. ಬಂದ್ರೂ ಯಾರ ಮನೆಗೆ ಬರುದು? ಅಣ್ಣ ನನಗೆ ಎಲೆ ಹಾಕ್ತಿದ್ದಾನಂತಲ್ಲ.”

ಹೊರಗೆ ಯಾರೋ ಗಿರಾಕಿ ಉಸ್ಮಾನನನ್ನು ಕೂಗಿದರು, ಅವನು ಎದ್ದು ಹೋದ. ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಕುಸುಮಕ್ಕ ಚೀಲ ಬಿಚ್ಚಿ, ತಟ್ಟೆ ಇಟ್ಟು, ಕುಚ್ಚಲಕ್ಕಿ ಅನ್ನ ಬಡಿಸಿ, ಪತ್ರೊಡೆಯನ್ನು ಅಂಚಿಗೆ ಸರಿಯಾಗಿ ಜೋಡಿಸಿದರು.

“ಊಟ ಮಾಡಿ” ಎಂದರು. ‘ನೀನು’ ಹೋಗಿ ‘ನೀವು’ ಬಂದಿತ್ತು. ಅಳಿಯನನ್ನು ಏಕವಚನದಲ್ಲಿ ಕರೆಯುವ ಅತ್ತೆ ನಮ್ಮಲ್ಲಿ ಇಲ್ಲ.

ಅವನಿಗೂ ಅದು ಕೇಳಿಸಿತು. ಕೈ ತೊಳೆದು ಬಂದ. ತಟ್ಟೆಯ ಮುಂದೆ ಕುಳಿತು ಒಂದು ಕ್ಷಣ ನನ್ನ ಮುಖ ನೋಡಿದ, ವಿದ್ಯಾರ್ಥಿಯೊಬ್ಬ ಉತ್ತರ ತಿಳಿಯದೆ ಮೇಷ್ಟರನ್ನು ನೋಡುವ ಹಾಗೆ. ತಿನ್ನಬೇಡ ಎಂದು ನಾನು ಹೇಳಬಹುದಿತ್ತೇನೋ. ಆದರೆ ಪತ್ರೊಡೆಯ ವಾಸನೆ ಅಷ್ಟರಲ್ಲಿ ಅವನನ್ನು ತಲುಪಿತ್ತು. ಎಷ್ಟು ವರ್ಷಗಳ ಹಸಿವೋ, ಅವನು ತಲೆಯೆತ್ತದೆ ಉಂಡ. ಕುಸುಮಕ್ಕ ಮೂರನೆಯ ಸಲ ಸಾರು ಹಾಕುವಾಗ ಕೇಳಿದ: “ಹೆಸರೆಂತ?”

“ಯಶ್ಮಿತಾ. ಮದುವೆಯ ದಿನ ನಾನೇ ಇಟ್ಟದ್ದು. ಈಗಿನ ಮಕ್ಕಳಿಗೆಲ್ಲ ಇಂಥದ್ದೇ ಇಡುದಲ್ವಾ. ಅವಳಿಗೆ ಮಾತ್ರ ಹಳೇ ಕಾಲದ್ದು ಯಾಕೆ?”

“ಒಳ್ಳೆ ಹೆಸರು.”

ಆಮೇಲೆ ಕುಸುಮಕ್ಕ ಅವನ ಪ್ರಾಯ ಕೇಳಿದರು. ನಲವತ್ತೊಂದು ಎಂದ. ಆರೋಗ್ಯ ಹೇಗುಂಟು ಎಂದು ಕೇಳಿದರು. ಯಾವ ಅತ್ತೆಯೂ ಕೇಳುವ ಪ್ರಶ್ನೆಗಳು. ಆದರೆ ಕೇಳುವವರ ದನಿ ಕೆಳಗಿಳಿದಿತ್ತು, ಅವರು ತಟ್ಟೆಯನ್ನೇ ನೋಡುತ್ತಿದ್ದರು, ಅವನನ್ನಲ್ಲ. ಅವರು ಯಾವ ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಆಗ ಹೊಳೆಯಿತು. ಖಾಲಿ ಕುರ್ಚಿ ತುಂಬಲು ಇನ್ನು ಒಂದೇ ದಾರಿ ಉಳಿದಿತ್ತು. ಅದಕ್ಕೆ ಹಿರಿಯರೂ ಬೇಡ, ಕಾಗದವೂ ಬೇಡ.

“ಸಕ್ಕರೆ ಕಾಯಿಲೆ ಉಂಟು. ಜೋರೇ ಉಂಟು. ಮದ್ದು ಸರಿ ಸಿಗುದಿಲ್ಲ, ಆಸ್ಪತ್ರೆಗೆ ಹೋದ್ರೆ ಕಾರ್ಡ್ ಕೇಳ್ತಾರೆ. ಹೋದ ವರ್ಷ ಕಾಲಿಗೆ ಗಾಯ ಆಗಿ ಒಣಗ್ಲೇ ಇಲ್ಲ” ಎಂದ ಲತೇಶ. ದೂರಿನಂತೆ ಹೇಳಲಿಲ್ಲ. ಬಹಳ ಕಾಲದ ಮೇಲೆ ಒಬ್ಬರು ಕೇಳಿದರೆಂದು ಹೇಳಿದ.

ಕುಸುಮಕ್ಕನ ಬಲಗೈ ಕೊನೆಯ ಡಬ್ಬಿಯ ಮೇಲಿತ್ತು. ಅದರಲ್ಲಿ ಪಾಯಸ. ಕಡಲೆಬೇಳೆ, ಬೆಲ್ಲ, ತೆಂಗಿನ ಹಾಲು. ಮದುವೆಯ ಊಟಕ್ಕೆ ಅದಿಲ್ಲದೆ ಆಗುವುದಿಲ್ಲ. ಮುಚ್ಚಳ ತೆರೆದೇ ಇತ್ತು, ಸೌಟು ಅದ್ದಿತ್ತು. ಒಂದು ಲೋಟ ಪಾಯಸದಿಂದ ಯಾರೂ ಸಾಯುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಆ ಕೈ ಎತ್ತಿದ ಸೌಟು ನಡುವಿನಲ್ಲೇ ನಿಂತಿತು. ಅವರ ತುಟಿ ಏನನ್ನೋ ಹೇಳಿಕೊಳ್ಳುವಂತೆ ಅಲುಗಿತು. ಮಸ್ಕತ್ತಿನಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟು ಕುಳಿತಿದ್ದ ನನ್ನ ಮಗಳು ನನಗೆ ನೆನಪಾದಳು. ಆ ಕ್ಷಣ ನಾನು ಏನನ್ನು ಬಯಸಿದೆನೆಂದು ಇಲ್ಲಿ ಬರೆಯಲಾರೆ.

ಸೌಟನ್ನು ಅವರು ಮತ್ತೆ ಡಬ್ಬಿಯೊಳಗೆ ಇಳಿಸಿದರು.

“ಹಾಗಾದ್ರೆ ಇದು ಬೇಡ ನಿಮಗೆ.”

“ಒಂದು ದಿನಕ್ಕೆ ಎಂತಾಗ್ತದೆ ಅತ್ತೆ, ಹಾಕಿ. ಪಾಯಸ ನೋಡದೆ ಎಷ್ಟು ಕಾಲ ಆಯ್ತು.”

“ಬೇಡ” ಎಂದು ಅವರು ಮುಚ್ಚಳ ಒತ್ತಿ ಹಾಕಿದರು. ಅದು ಕೂರಲಿಲ್ಲ, ಎರಡು ಕೈಯಿಂದ ಒತ್ತಿದರು. ಕಾಲಿನ ಗಾಯ ಎಲ್ಲಿ ತೋರಿಸಿ ಎಂದರು. ತೋರಿಸಿದ. ಉಸ್ಮಾನ್ ಬಂದಾಗ, ಇವರಿಗೆ ಮದ್ದು ತಪ್ಪದ ಹಾಗೆ ನೋಡಿಕೊಳ್ಳಬೇಕು, ಸಿಗರೇಟ್ ಕೊಡಬಾರದು ಎಂದು ಅವನಿಗೆ ಕಟ್ಟುನಿಟ್ಟಾಗಿ ಹೇಳಿದರು.

ಹಿಂದಿರುಗುವ ದಾರಿಯಲ್ಲಿ ಅಧೋಲೋಕದ ಯಾವ ಕತೆಯೂ ನನ್ನ ನೆರವಿಗೆ ಬರಲಿಲ್ಲ; ಬಂದಿದ್ದರೂ ಹೇಳುವ ಧೈರ್ಯ ನನಗಿರಲಿಲ್ಲ. ಸೊಹಾರಿನಲ್ಲಿ ಉಸ್ಮಾನ್ ಪೆಟ್ರೋಲು ಹಾಕಿಸಲು ಇಳಿದಾಗ ಕುಸುಮಕ್ಕ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದರು: “ಅವನಿಗಿಂತ ಮೊದಲು ನಾನು ಹೋಗ್ತೇನಲ್ವಾ ಸೇಸಪ್ಪಣ್ಣ. ಅಲ್ಲಿವರೆಗೆ ಮಗು ಒಬ್ಬಳೇ.”

ಮನೆಗೆ ಬಂದಾಗ ಪ್ರಣೀತಾ ಬಾಗಿಲಲ್ಲೇ ನಿಂತಿದ್ದಳು. ಏನಾಯಿತೆಂದು ಕೇಳಲು ಅವಳಿಗೆ ಹೆದರಿಕೆ. ಕುಸುಮಕ್ಕ ಚಪ್ಪಲಿ ಬಿಟ್ಟು, ಗೋಡೆ ಹಿಡಿದುಕೊಂಡು ಮೊಣಕಾಲು ನೆಟ್ಟಗೆ ಮಾಡಿಕೊಂಡರು. ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಡಹೋದವರು ಅದನ್ನು ಹಿಂದಕ್ಕೆ ತೆಗೆದುಕೊಂಡರು.

“ಅಳಿಯ ಸೌಖ್ಯದಲ್ಲಿದ್ದಾರೆ” ಎಂದರು.

ಪ್ರಣೀತಾ ನನ್ನ ಮುಖ ನೋಡಿದಳು. ನಾನು ನೀರು ಕುಡಿಯಲೆಂದು ಅಡುಗೆಮನೆಗೆ ಹೋದೆ.